ಸಾಬೀತಾಗದ ಆರೋಪಕ್ಕೆ ಸರ್ಕಾರಿ ಮೊಹರು

ಇಂಗ್ಲೆಂಡಿನ ಶಾಲೆಯಲ್ಲಿ ಪಾಠ ಹೇಳಬೇಕಾದರೂ, ಆಸ್ಪತ್ರೆಯಲ್ಲಿ ನರ್ಸ್ ಆಗಬೇಕಾದರೂ, ವೃದ್ಧಾಶ್ರಮದಲ್ಲಿ ಹಿರಿಯರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ಸೇರಬೇಕಾದರೂ, ಟ್ಯಾಕ್ಸಿ ಓಡಿಸಲು ಪರವಾನಗಿ ಬೇಕಾದರೂ ಒಂದು ಕಾಗದ ತರಬೇಕು. ಅದರ ಹೆಸರು ಎನ್‌ಹಾನ್ಸ್‌ಡ್ ಡಿಬಿಎಸ್ ಸರ್ಟಿಫಿಕೇಟ್. ಕೊಡುವುದು ಡಿಸ್‌ಕ್ಲೋಷರ್ ಅಂಡ್ ಬಾರಿಂಗ್ ಸರ್ವಿಸ್ (ಡಿಬಿಎಸ್) ಎಂಬ ಸರ್ಕಾರಿ ಸಂಸ್ಥೆ. ಕಾಗದದ ಮೇಲೆ ಕೆಲವು ಚೌಕಗಳಿವೆ. ಮೊದಲನೆಯದು ಶಿಕ್ಷೆಯಾದ ಅಪರಾಧಗಳಿಗೆ, ಪೊಲೀಸರು ಕೊಟ್ಟ ಔಪಚಾರಿಕ ಎಚ್ಚರಿಕೆಗಳಿಗೆ. ಮಕ್ಕಳ ಅಥವಾ ಅಸಹಾಯಕ ವಯಸ್ಕರ ಜೊತೆ ಕೆಲಸ ಮಾಡದಂತೆ ನಿಷೇಧಕ್ಕೊಳಗಾದವರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಹೇಳಲು ಬೇರೆ ಚೌಕ. ಕೊನೆಗೆ, ಮುಖ್ಯ ಪೊಲೀಸ್ ಅಧಿಕಾರಿ ತನ್ನ ವಿವೇಚನೆಯಿಂದ ತಿಳಿಸುವ ‘ಇತರ ಮಾಹಿತಿ’ಗೆ ಇನ್ನೊಂದು. ಬಹುತೇಕ ಜನರ ಕಾಗದದಲ್ಲಿ ಎಲ್ಲ ಚೌಕಗಳೂ ‘ಏನೂ ದಾಖಲಾಗಿಲ್ಲ’ ಎಂದೇ ಹೇಳುತ್ತವೆ. ಕೆಲವರದು ಮಾತ್ರ ವಿಚಿತ್ರ. ಮೊದಲ ಚೌಕ ಖಾಲಿ, ಕೊನೆಯದರಲ್ಲಿ ಒಂದು ಪ್ಯಾರಾ: ಇಂಥ ದಿನ ಇಂಥ ದೂರು ಬಂತು, ಈತನನ್ನು ಬಂಧಿಸಲಾಯಿತು, ಈತ ಆರೋಪ ಅಲ್ಲಗಳೆದ, ಮುಂದೆ ಕ್ರಮ ಜರುಗಿಸಲಿಲ್ಲ.

ಈ ಕೊನೆಯ ಚೌಕದ ಸುತ್ತ ಬ್ರಿಟನ್ನಿನ ಸಂಸತ್ತು ಮತ್ತು ನ್ಯಾಯಾಲಯಗಳು ಎರಡು ದಶಕಕ್ಕೂ ಹೆಚ್ಚು ಕಾಲ ಜಗ್ಗಾಡಿವೆ. ಸಾಬೀತಾಗದ ಆರೋಪವನ್ನು ಪೊಲೀಸರು ಕೆಲಸ ಕೊಡುವವರಿಗೆ ಹೇಳಬೇಕೇ, ಬೇಡವೇ? ವಾದವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಗಿರಕಿ ಹೊಡೆದಿದೆ. ತೀರ್ಪುಗಳನ್ನು ಸಾಲಾಗಿ ಇಟ್ಟು ಓದಿದರೆ ನನಗೆ ಕಾಣುವ ಕೊರತೆ ಬೇರೆ. ಆರೋಪ ಪೊಲೀಸ್ ಠಾಣೆಯಿಂದ ಹೊರಟು ಶಾಲೆಯ ಕಚೇರಿ ಮುಟ್ಟುವವರೆಗಿನ ಹಾದಿಯಲ್ಲಿ ‘ಇದು ನಿಜವಾಗಿ ನಡೆಯಿತೇ’ ಎಂದು ಕೇಳಿ ತೀರ್ಮಾನಿಸುವ ಹೊಣೆ ಯಾರ ಮೇಲೂ ಇಲ್ಲ.

ಮೊದಲು ಪದ್ಧತಿ ಹೀಗಿರಲಿಲ್ಲ. 1990ರ ದಶಕದ ಕೊನೆಯಲ್ಲಿ ಇಂಥ ವಿಚಾರಗಳಿಗೆ ಅನ್ವಯವಾಗುತ್ತಿದ್ದದ್ದು ನ್ಯಾಯಾಲಯಗಳೇ ಕಟ್ಟಿದ್ದ ಸಾಮಾನ್ಯ ಕಾನೂನು. ತುರ್ತು ಅಗತ್ಯವಿದ್ದರೆ ಮಾತ್ರ ಪೊಲೀಸರು ಮೂರನೆಯವರಿಗೆ ಬಾಯಿ ಬಿಡಬಹುದು, ಇಲ್ಲದಿದ್ದರೆ ಮೌನವೇ ನಿಯಮ ಎಂದು ಅದು ಹೇಳುತ್ತಿತ್ತು. ಶಾಲಾ ಮಕ್ಕಳನ್ನು ಕರೆದೊಯ್ಯುವ ಬಸ್ ಗುತ್ತಿಗೆ ಹಿಡಿದಿದ್ದ ಒಬ್ಬನ ಮೇಲೆ ಹಿಂದೆ ಲೈಂಗಿಕ ದೌರ್ಜನ್ಯದ ಆರೋಪಗಳು ಬಂದಿದ್ದವು, ಯಾವುದೂ ರುಜುವಾತಾಗಿರಲಿಲ್ಲ. ಅದನ್ನು ಶಿಕ್ಷಣ ಇಲಾಖೆಗೆ ತಿಳಿಸುವುದು ಸರಿಯಲ್ಲ ಎಂದು ಹೈಕೋರ್ಟ್ ತಡೆಯಿತು. 2000ದಲ್ಲಿ ವರದಿಯಾದ ಆ ತೀರ್ಪನ್ನು ಇಂದು ಓದಿದರೆ ಬೇರೆ ದೇಶದ ಕಾನೂನು ಓದಿದಂತಿರುತ್ತದೆ. ಅಷ್ಟರಲ್ಲಾಗಲೇ 1997ರ ಪೊಲೀಸ್ ಕಾಯ್ದೆ ಅಂಗೀಕಾರವಾಗಿತ್ತು. ಅದರ ಐದನೆಯ ಭಾಗದ ಪ್ರಕಾರ ಇಂಥ ಪ್ರಮಾಣಪತ್ರ ಕೊಡುವ ಕ್ರಿಮಿನಲ್ ರೆಕಾರ್ಡ್ಸ್ ಬ್ಯೂರೋ 2002ರ ಮಾರ್ಚಿನಲ್ಲಿ ಕೆಲಸ ಶುರು ಮಾಡಿತು. ಅದಾಗಿ ಐದು ತಿಂಗಳಿಗೆ ಸೋಹಮ್ ನಡೆಯಿತು.

ಸೋಹಮ್ ಕೇಂಬ್ರಿಜ್‌ಶೈರಿನ ಒಂದು ಪುಟ್ಟ ಊರು. 2002ರ ಆಗಸ್ಟ್ 4ರ ಸಂಜೆ ಹತ್ತು ವರ್ಷದ ಇಬ್ಬರು ಹುಡುಗಿಯರು ಅಲ್ಲಿಂದ ಕಾಣೆಯಾದರು. ಕೊಂದವನು ಇಯನ್ ಹಂಟ್ಲಿ, ಅಲ್ಲಿಯ ಮಾಧ್ಯಮಿಕ ಶಾಲೆಯ ಕೇರ್‌ಟೇಕರ್. 2003ರ ಡಿಸೆಂಬರಿನಲ್ಲಿ ಅವನಿಗೆ ಶಿಕ್ಷೆಯಾದ ಮೇಲೆ ಹೊರಬಿದ್ದ ಸಂಗತಿ ದೇಶವನ್ನೇ ನಡುಗಿಸಿತು. 1995ರಿಂದ 1999ರ ನಡುವೆ ಹಂಬರ್‌ಸೈಡ್ ಪ್ರದೇಶದಲ್ಲಿ ಅವನ ಮೇಲೆ ಎಂಟು ಲೈಂಗಿಕ ಅಪರಾಧಗಳ ಆರೋಪ ಬಂದಿತ್ತು. ಅತ್ಯಾಚಾರ, ಅಪ್ರಾಪ್ತ ಹುಡುಗಿಯರ ಜೊತೆ ಸಂಬಂಧ, ಬಾಲಕಿಯ ಮೇಲೆ ಹಲ್ಲೆ. ಒಂದರಲ್ಲೂ ಶಿಕ್ಷೆಯಾಗಿರಲಿಲ್ಲ. ಒಂದೊಂದು ದೂರನ್ನು ಒಬ್ಬೊಬ್ಬ ಅಧಿಕಾರಿ ನೋಡಿ ಮುಚ್ಚಿದ್ದ, ಎಂಟನ್ನೂ ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ. ಶಾಲೆ ಸೇರುವಾಗ ಅವನು ತಾಯಿಯ ತವರಿನ ಹೆಸರು ಹಿಡಿದು ನಿಕ್ಸನ್ ಆಗಿದ್ದ. ಕೇಂಬ್ರಿಜ್‌ಶೈರ್ ಪೊಲೀಸರು ಹುಡುಕಿದ್ದು ಆ ಹೆಸರಿನಲ್ಲಷ್ಟೇ.

ಸರ್ ಮೈಕೆಲ್ ಬಿಚರ್ಡ್ ನೇತೃತ್ವದ ತನಿಖೆಯ ವರದಿ 2004ರ ಜೂನ್‌ನಲ್ಲಿ ಬಂತು. ದತ್ತಾಂಶ ರಕ್ಷಣಾ ಕಾನೂನಿನ ಹೆದರಿಕೆಯಿಂದ ಕಡತಗಳನ್ನು ಅಳಿಸಬೇಕಾಯಿತು ಎಂಬ ಹಂಬರ್‌ಸೈಡ್ ಪೊಲೀಸರ ಸಮಜಾಯಿಷಿ ಅಲ್ಲಿ ನಿಲ್ಲಲಿಲ್ಲ. ತಪ್ಪು ಕಾನೂನಿನದ್ದಲ್ಲ, ಠಾಣೆಗಳ ಮಾಹಿತಿ ನಿರ್ವಹಣೆಯದ್ದು ಎಂದು ವರದಿ ಹೇಳಿತು. ಸೋಹಮ್‌ನ ಪಾಠ ಸರಿಯಾಗಿ ಏನಾಗಿತ್ತು ಎಂಬುದನ್ನು ಇಲ್ಲಿ ತುಸು ನಿಂತು ನೋಡಬೇಕು. ಒಬ್ಬನ ಮೇಲೆ, ಪರಸ್ಪರ ಪರಿಚಯವೇ ಇಲ್ಲದವರು, ವರ್ಷಗಳ ಅಂತರದಲ್ಲಿ, ಒಂದೇ ಬಗೆಯ ಎಂಟು ದೂರು ಕೊಟ್ಟರೆ ಅವು ಒಂದಕ್ಕೊಂದು ಸಾಕ್ಷಿ. ಯಾವುದೂ ಕೋರ್ಟಿನಲ್ಲಿ ನಿಲ್ಲದಿದ್ದರೂ ಒಟ್ಟು ಚಿತ್ರ ಸುಳ್ಳಾಗುವುದು ಕಷ್ಟ. ಜೋಡಿಸಿ ನೋಡಿ ಎಂಬುದೇ ಆ ಪಾಠ. ಕಾನೂನು ಕಲಿತದ್ದು ಇನ್ನೊಂದನ್ನು: ಇದ್ದದ್ದನ್ನೆಲ್ಲ ಹೇಳಿಬಿಡಿ. ಒಂದೇ ಒಂದು ದೂರು, ಅದೂ ಬಿದ್ದುಹೋದದ್ದು ಇದ್ದವನನ್ನು ಕೂಡ ಹಂಟ್ಲಿಯ ನೆರಳಿನಲ್ಲೇ ನೋಡುವ ಕಾಲ ಶುರುವಾಯಿತು.

ಅದೇ ವರ್ಷ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ಪ್ರಕರಣದ ಅರ್ಜಿದಾರ ಒಬ್ಬ ಸಮಾಜ ಕಾರ್ಯಕರ್ತ. ಅಂಗಪ್ರದರ್ಶನದ ಆರೋಪ, ದೂರು ಕೊಟ್ಟಾಕೆ ಅವನನ್ನು ಗುರುತಿಸಲಾಗದ ಕಾರಣ ಮೊಕದ್ದಮೆ ಬಿದ್ದುಹೋಗಿತ್ತು. ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು ಅದನ್ನು ಪ್ರಮಾಣಪತ್ರದಲ್ಲಿ ಬರೆದರು. ನ್ಯಾಯಮೂರ್ತಿ ಲಾರ್ಡ್ ವುಲ್ಫ್ ಪೊಲೀಸರ ಪರ ನಿಂತರು. ಮಾಹಿತಿಗೆ ಸಂಬಂಧವಿರಬಹುದಾದರೆ ಹೇಳುವುದು ಪೊಲೀಸರ ಕರ್ತವ್ಯ, ಹೇಳದಿರಲು ಬಲವಾದ ಕಾರಣ ಬೇಕು, ಮೊದಲೇ ಅರ್ಜಿದಾರನನ್ನು ಕೇಳಬೇಕಾಗಿಯೂ ಇಲ್ಲ. ಮೌನವೇ ನಿಯಮವಾಗಿದ್ದ ಕಡೆ ಮಾತೇ ನಿಯಮವಾಯಿತು, ಅದೂ ನಾಲ್ಕೇ ವರ್ಷದಲ್ಲಿ. ಮೊದಲು ಮೌನದ ನಿಯಮವನ್ನು ಸ್ಪಷ್ಟವಾಗಿ ಬರೆದಿದ್ದವರಲ್ಲಿ ಇದೇ ವುಲ್ಫ್ ಒಬ್ಬರು. ಅವರನ್ನು ದೂರುವಂತಿಲ್ಲ, ನಡುವೆ ಸಾಮಾನ್ಯ ಕಾನೂನಿನ ಜಾಗಕ್ಕೆ ಸಂಸತ್ತಿನ ಕಾಯ್ದೆ ಜಾರಿಗೆ ಬಂದಿತ್ತು.

ಆ ದಿನಗಳಲ್ಲಿ ಇನ್ನೂ ಒಂದು ಪದ್ಧತಿಯಿತ್ತು. ಪ್ರಮಾಣಪತ್ರದಲ್ಲಿ ಬರೆಯದೆ, ಅಭ್ಯರ್ಥಿಗೆ ತಿಳಿಯದಂತೆ, ಕೆಲಸ ಕೊಡುವವರಿಗಷ್ಟೇ ಪ್ರತ್ಯೇಕ ಪತ್ರ ಕಳಿಸುವುದು. ತನಿಖೆ ನಡೆಯುತ್ತಿರುವಾಗ ಆರೋಪಿ ಎಚ್ಚೆತ್ತುಕೊಳ್ಳಬಾರದು ಎಂಬುದು ಅದರ ಉದ್ದೇಶ. ಕೆಲಸ ಏಕೆ ಕೈತಪ್ಪಿತು ಎಂಬುದೇ ಗೊತ್ತಾಗದೆ ಮನೆಗೆ ಹೋಗುವ ಅವಸ್ಥೆ. 2012ರಲ್ಲಿ ಆ ಕಲಮನ್ನು ತೆಗೆದುಹಾಕಿದರು.

ತಿರುವು ಬಂದದ್ದು 2009ರ ಅಕ್ಟೋಬರಿನಲ್ಲಿ. ಆಗಷ್ಟೇ ಬಾಗಿಲು ತೆರೆದಿದ್ದ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮೊದಲ ತೀರ್ಪುಗಳಲ್ಲಿ ಒಂದು ಅದು. ಶಾಲೆಯಲ್ಲಿ ಊಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ಒಬ್ಬ ತಾಯಿ. ಅವಳ ಮೇಲೆ ಯಾವ ಅಪರಾಧದ ಆರೋಪವೂ ಇರಲಿಲ್ಲ. ಮಗ ದಾರಿ ತಪ್ಪಿದ್ದ, ದರೋಡೆ ಪ್ರಕರಣದಲ್ಲಿ ಶಿಕ್ಷೆಯಾಗಿತ್ತು. ತಾಯಿ ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ಸಮಾಜ ಕಲ್ಯಾಣ ಸಿಬ್ಬಂದಿಗೆ ಸಹಕರಿಸುತ್ತಿಲ್ಲ ಎಂಬ ಟಿಪ್ಪಣಿ ಕಡತದಲ್ಲಿತ್ತು. ಆ ಟಿಪ್ಪಣಿ ಪ್ರಮಾಣಪತ್ರಕ್ಕೆ ಬಂತು, ಕೆಲಸ ಹೋಯಿತು. ಲಾರ್ಡ್ ಹೋಪ್ ಮತ್ತು ಲಾರ್ಡ್ ನ್ಯೂಬರ್ಗರ್ ಮುಖ್ಯ ತೀರ್ಪುಗಳನ್ನು ಬರೆದರು. ತಕ್ಕಡಿ ಮೊದಲಿನಿಂದಲೂ ಒಂದೇ ಕಡೆ ವಾಲಿದೆ, ಮಕ್ಕಳ ಸುರಕ್ಷತೆಗೂ ವ್ಯಕ್ತಿಯ ಖಾಸಗಿ ಬದುಕಿಗೂ ಸಮಾನ ತೂಕ ಕೊಡಿ, ಅನುಮಾನವಿದ್ದಾಗ ಬರೆಯುವ ಮೊದಲು ಆ ವ್ಯಕ್ತಿಯ ಮಾತು ಕೇಳಿ ಎಂದರು. ಆ ತಾಯಿಗೆ ಮಾತ್ರ ಇದರಿಂದ ಏನೂ ಸಿಗಲಿಲ್ಲ. ಹೊಸ ಅಳತೆಗೋಲಿನಿಂದ ಅಳೆದರೂ ಅವಳ ಮಾಹಿತಿ ನಿಜ, ಕೆಲಸಕ್ಕೆ ಸಂಬಂಧಪಟ್ಟದ್ದು ಎಂದು ಅರ್ಜಿ ವಜಾ ಆಯಿತು.

ಹೊತ್ತಿಗೆ ಸರಿಯಾಗಿ ರಾಜಕೀಯದ ಗಾಳಿಯೂ ತಿರುಗಿತ್ತು. ಬಿಚರ್ಡ್ ವರದಿಯ ಬೆನ್ನಿಗೆ ಬಂದ 2006ರ ಕಾಯ್ದೆಯಡಿ ಮಕ್ಕಳ ಅಥವಾ ಅಸಹಾಯಕ ವಯಸ್ಕರ ಸಮೀಪಕ್ಕೆ ಬರುವ ಸುಮಾರು 1 ಕೋಟಿ 10 ಲಕ್ಷ ಜನರನ್ನು ನೋಂದಾಯಿಸಿಕೊಳ್ಳುವ ಯೋಜನೆಯಿತ್ತು. ಶಾಲೆಗೆ ಹೋಗಿ ಕಥೆ ಓದುವ ಲೇಖಕರೂ ಅದರೊಳಗೆ ಬರುತ್ತಾರೆ ಎಂದಾಗ ಕಾದಂಬರಿಕಾರ ಫಿಲಿಪ್ ಪುಲ್‌ಮನ್ ಸಿಡಿದೆದ್ದು, ಇನ್ನು ಶಾಲೆಗಳಿಗೆ ಹೋಗುವುದೇ ಇಲ್ಲ ಎಂದರು. 2010ರಲ್ಲಿ ಬಂದ ಮಿಶ್ರ ಸರ್ಕಾರ ಯೋಜನೆಯನ್ನು ನಿಲ್ಲಿಸಿ ಸ್ವತಂತ್ರ ಸಲಹೆಗಾರ್ತಿ ಸುನೀತಾ ಮೇಸನ್ ಅವರಿಗೆ ಪರಿಶೀಲನೆ ಒಪ್ಪಿಸಿತು. 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯಲ್ಲಿ ಅವರ ಹಲವು ಸಲಹೆಗಳು ಸೇರಿದವು. ‘ಸಂಬಂಧವಿರಬಹುದು’ ಎಂದರೆ ಸಾಲದು, ಸಂಬಂಧವಿದೆ ಎಂದು ಸಕಾರಣವಾಗಿ ನಂಬಬೇಕು. ಪ್ರಮಾಣಪತ್ರ ಅಭ್ಯರ್ಥಿಯ ಕೈಗಷ್ಟೇ ಬರಬೇಕು. ತಕರಾರಿದ್ದರೆ ಸ್ವತಂತ್ರ ಮೇಲ್ವಿಚಾರಕರ ಮುಂದೆ ಹೋಗಬಹುದು. ಕ್ರಿಮಿನಲ್ ರೆಕಾರ್ಡ್ಸ್ ಬ್ಯೂರೋ ಮತ್ತು ನಿಷೇಧ ಪಟ್ಟಿ ನೋಡಿಕೊಳ್ಳುತ್ತಿದ್ದ ಸಂಸ್ಥೆ ಕೂಡಿ 2012ರ ಡಿಸೆಂಬರಿನಲ್ಲಿ ಡಿಬಿಎಸ್ ಆಯಿತು. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೂ ಕಾಗದ ಅಭ್ಯರ್ಥಿಯ ಕೈಗೆ ಮೊದಲು ಬಂದರೆ ಏನು ಲಾಭ? ಶಾಲೆಯವರು ‘ತೋರಿಸಿ’ ಅನ್ನುತ್ತಾರೆ. ತೋರಿಸದವನಿಗೆ ಕೆಲಸವಿಲ್ಲ, ತೋರಿಸಿದವನಿಗೂ ಬಹುಶಃ ಇಲ್ಲ.

ಈ ಇಡೀ ಚರ್ಚೆಯ ಗಂಟು ಬಿಗಿದುಕೊಂಡಿರುವುದು 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣದಲ್ಲಿ. ಕೋರ್ಟಿನ ಕಾಗದಗಳಲ್ಲಿ ಅರ್ಜಿದಾರನಿಗೆ ಎರಡಕ್ಷರದ ಹೆಸರು, ಎಆರ್. ಶಿಕ್ಷಕ ತರಬೇತಿ ಮುಗಿಸಿದವನು, ಟ್ಯಾಕ್ಸಿ ಓಡಿಸುತ್ತಿದ್ದ. ಹಿಂದೆ ಯಾವ ಅಪರಾಧವೂ ಇಲ್ಲ. 2009ರ ನವೆಂಬರಿನಲ್ಲಿ ಹದಿನೇಳು ವರ್ಷದ ಪ್ರಯಾಣಿಕಳೊಬ್ಬಳು ಅವನು ತನ್ನನ್ನು ನಿರ್ಜನ ಜಾಗಕ್ಕೆ ಕರೆದೊಯ್ದು ಅತ್ಯಾಚಾರ ಮಾಡಿದ ಎಂದು ದೂರಿತ್ತಳು. ಅವನು ಒಪ್ಪಲಿಲ್ಲ. 2011ರ ಜನವರಿಯಲ್ಲಿ ಬೋಲ್ಟನ್ ಕ್ರೌನ್ ಕೋರ್ಟಿನಲ್ಲಿ ಜ್ಯೂರಿ ಅವನನ್ನು ನಿರ್ದೋಷಿ ಎಂದಿತು. ಇದು ಪೊಲೀಸರು ಕೈಬಿಟ್ಟ ದೂರಲ್ಲ, ಸಾಕ್ಷಿ ಬಾರದೆ ಬಿದ್ದುಹೋದ ಕೇಸೂ ಅಲ್ಲ. ಪೂರ್ಣ ವಿಚಾರಣೆ ನಡೆದು ಖುಲಾಸೆಯಾದದ್ದು. ಆಮೇಲೆ ಅವನು ಉಪನ್ಯಾಸಕನ ಕೆಲಸಕ್ಕೊಮ್ಮೆ, ಟ್ಯಾಕ್ಸಿ ಪರವಾನಗಿಗೊಮ್ಮೆ ಅರ್ಜಿ ಹಾಕಿದ. ಎರಡು ಸಲವೂ ಪ್ರಮಾಣಪತ್ರದಲ್ಲಿ ಆರೋಪದ ಪೂರ್ತಿ ವಿವರ ಬಂತು, ಕೊನೆಯಲ್ಲಿ ಖುಲಾಸೆಯ ಒಂದು ಸಾಲು.

ಆ ಪ್ಯಾರಾವನ್ನು ಓದುವವರ ಕಣ್ಣಿನಿಂದ ನೋಡಿ. ದೂರು ಹೇಗೆ ಬಂತು, ಯಾವ ಸ್ಥಿತಿಯಲ್ಲಿ ಹುಡುಗಿ ಇದ್ದಳು, ಎಲ್ಲಿಗೆ ಕರೆದೊಯ್ದ ಎಂಬುದಕ್ಕೆಲ್ಲ ವಿವರವಿದೆ. ಖುಲಾಸೆ ಏಕಾಯಿತು ಎಂಬುದಕ್ಕೆ ಇಲ್ಲ. ಇರಲು ಸಾಧ್ಯವೂ ಇಲ್ಲ, ಜ್ಯೂರಿ ಕಾರಣ ಕೊಡುವುದಿಲ್ಲ. ಹುಡುಗಿಯ ಮಾತು ನಂಬಲಿಲ್ಲವೋ, ನಂಬಿಯೂ ಸಂಶಯಕ್ಕೆ ಎಡೆಯಿದೆ ಅಂದುಕೊಂಡರೋ, ಆರೋಪಿಯ ಮಾತೇ ಸರಿ ಅನ್ನಿಸಿತೋ, ಹನ್ನೆರಡು ಜನರ ಹೊರತು ಯಾರಿಗೂ ಗೊತ್ತಿಲ್ಲ. ಆ ಖಾಲಿ ಜಾಗವನ್ನು ಓದುಗ ತುಂಬಿಕೊಳ್ಳಬೇಕು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಕೇಳಲು ಇಂಗ್ಲಿಷರಿಗೆ ನಮ್ಮ ಗಾದೆ ಕಲಿಸಬೇಕಾಗಿಲ್ಲ.

ಲಾರ್ಡ್ ಕಾರ್ನ್‌ವಾತ್ ತೀರ್ಪಿನಲ್ಲಿ ಎಆರ್ ಸೋತ. ಕಾನೂನಿನ ತರ್ಕ ನೇರವಾಗಿದೆ. ಖುಲಾಸೆ ಅಂದರೆ ಶಿಕ್ಷೆ ವಿಧಿಸುವಷ್ಟು ರುಜುವಾತಿಲ್ಲ ಎಂದಷ್ಟೇ. ಆರೋಪ ಸುಳ್ಳೆಂದು ಯಾರೂ ಘೋಷಿಸಿಲ್ಲ. ಪ್ರಮಾಣಪತ್ರ ಅವನನ್ನು ಅಪರಾಧಿ ಎಂದೂ ಕರೆದಿಲ್ಲ. ಟ್ಯಾಕ್ಸಿಯಲ್ಲಿ ಒಂಟಿ ಹುಡುಗಿಯರು ಕೂರುತ್ತಾರೆ. ತೀರ್ಪಿನ ಕೊನೆಗೆ ಕಾರ್ನ್‌ವಾತ್ ಒಂದು ಅನುಬಂಧ ಸೇರಿಸಿದ್ದಾರೆ. ನನಗೆ ತೀರ್ಪಿಗಿಂತ ಅದೇ ಮುಖ್ಯ. ಇಂಥ ಪ್ರಮಾಣಪತ್ರ ಕೈಗೆ ಬಂದಾಗ ಕೆಲಸ ಕೊಡುವವರು ಅದನ್ನು ಹೇಗೆ ತೂಗುತ್ತಾರೆ ಎಂಬ ಬಗ್ಗೆ ಮಾಹಿತಿಯೇ ಇಲ್ಲ, ತೂಗುವುದು ಹೇಗೆಂದು ಅವರಿಗೆ ಹೇಳಿಕೊಟ್ಟವರೂ ಇಲ್ಲ, ಕೋರ್ಟಿನಲ್ಲಿ ಪರೀಕ್ಷೆಗೊಳಗಾಗಿ ಖುಲಾಸೆಯಾದ ಆರೋಪವನ್ನು ತಿಳಿಸುವುದರಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ಯೋಚಿಸಬೇಕು ಎಂಬುದು ಅದರ ಸಾರ. ಅರ್ಜಿ ವಜಾ ಮಾಡಿದ ನ್ಯಾಯಮೂರ್ತಿಯೇ, ಆ ವಜಾದ ಪರಿಣಾಮ ಏನಾದೀತು ಎಂಬ ಆತಂಕ ತೋಡಿಕೊಂಡಿದ್ದಾರೆ.

ಹಾಗಾದರೆ ನಿಜವನ್ನು ತೂಗುವವರು ಯಾರು? ಮುಖ್ಯ ಪೊಲೀಸ್ ಅಧಿಕಾರಿ, ಅಂದರೆ ಹೆಸರಿನಲ್ಲಿ ಕಾನ್‌ಸ್ಟೆಬಲ್ ಇದ್ದರೂ ನಮ್ಮ ಕಮಿಷನರ್ ದರ್ಜೆಯ ಚೀಫ್ ಕಾನ್‌ಸ್ಟೆಬಲ್, ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು: ಈ ಮಾಹಿತಿ ಈ ಕೆಲಸಕ್ಕೆ ಸಂಬಂಧಪಟ್ಟದ್ದೇ, ಇದನ್ನು ಸೇರಿಸುವುದು ಯುಕ್ತವೇ. ಆರೋಪ ನಂಬಲು ತಕ್ಕುದೇ ಎಂದು ಅವರು ನೋಡುತ್ತಾರೆ, ನಿಜ. ನೋಡುವುದು ಮೇಜಿನ ಮೇಲಿನ ಕಡತದಲ್ಲಿ, ತನ್ನದೇ ಇಲಾಖೆ ಕಟ್ಟಿದ ಕಡತದಲ್ಲಿ. ಸ್ವತಂತ್ರ ಮೇಲ್ವಿಚಾರಕರು ಕೇಳುವುದೂ ಅವೇ ಪ್ರಶ್ನೆ. ನ್ಯಾಯಾಲಯ ನೋಡುವುದು ಪೊಲೀಸರ ನಿರ್ಧಾರ ಮಿತಿ ಮೀರಿತೇ ಎಂಬುದನ್ನು. ಕೊನೆಗೆ ಉಳಿಯುವವರು ಶಾಲೆಯ ಮುಖ್ಯೋಪಾಧ್ಯಾಯರು ಅಥವಾ ವೃದ್ಧಾಶ್ರಮದ ಮ್ಯಾನೇಜರ್. ಅವರ ಕೈಯಲ್ಲಿ ಸಾಕ್ಷಿಯ ಹೇಳಿಕೆಗಳಿಲ್ಲ, ದೂರುದಾರರನ್ನು ಕರೆಸುವ ಅಧಿಕಾರವಿಲ್ಲ. ಕಾಗದ ಓದಿದ ಮೇಲೂ ಇವನನ್ನು ಸೇರಿಸಿಕೊಂಡು ನಾಳೆ ಏನಾದರೂ ಆದರೆ ಪತ್ರಿಕೆಗಳಲ್ಲಿ ಬರುವುದು ಅವರ ಫೋಟೋ. ಪ್ರಮಾಣಪತ್ರದ ವಿಷಯವನ್ನು ಅಭ್ಯರ್ಥಿಯ ಜೊತೆ ಚರ್ಚಿಸಿಯೇ ನಿರ್ಧರಿಸಿ ಎಂದು ಡಿಬಿಎಸ್ ನೀತಿಸಂಹಿತೆ ಹೇಳುತ್ತದೆ. ಚರ್ಚೆ ನಡೆಯುತ್ತದೆ, ಕೆಲಸ ಪಕ್ಕದ ಅಭ್ಯರ್ಥಿಗೆ ಹೋಗುತ್ತದೆ.

ಈಗ ಇದೇ ಡಿಬಿಎಸ್‌ನ ಇನ್ನೊಂದು ಕೋಣೆ ನೋಡೋಣ, ನಿಷೇಧ ಪಟ್ಟಿ ಮಾಡುವ ಕೋಣೆ. ಒಬ್ಬನನ್ನು ಮಕ್ಕಳ ಕೆಲಸದಿಂದ ಪೂರ್ತಿ ಹೊರಗಿಡಬೇಕಾದರೆ ಅಲ್ಲಿ ಮೊದಲು ನೋಟಿಸ್ ಕೊಡುತ್ತಾರೆ. ಸಾಕ್ಷ್ಯದ ಪ್ರತಿ ಕೊಟ್ಟು ಉತ್ತರಿಸಲು ಎಂಟು ವಾರ ಬಿಡುತ್ತಾರೆ. ಆರೋಪಿಸಿದ್ದು ನಡೆದಿರುವ ಸಂಭವವೇ ಹೆಚ್ಚೇ ಎಂದು ತೂಗಿ, ಕಾರಣ ಬರೆದು, ತೀರ್ಮಾನ ಮಾಡುತ್ತಾರೆ. ಸಂಗತಿಯಲ್ಲಿ ತಪ್ಪಿದೆ ಎಂದಾದರೆ ಮೇಲಿನ ಟ್ರಿಬ್ಯೂನಲ್‌ಗೆ ಹೋಗಬಹುದು. ಅಂದರೆ, ಪೂರ್ತಿ ಬಾಗಿಲು ಮುಚ್ಚಿಸಿಕೊಳ್ಳುವವನಿಗೆ ತನ್ನ ಮಾತು ಹೇಳಲು ಜಾಗವಿದೆ, ಸತ್ಯಾಸತ್ಯ ನಿರ್ಧರಿಸುವವರಿದ್ದಾರೆ. ಅರೆಬರೆ ಅನುಮಾನಕ್ಕೆ ಗುರಿಯಾಗಿ, ಪಟ್ಟಿಗೂ ಸೇರದೆ, ಪ್ಯಾರಾ ಹೊತ್ತು ಅಲೆಯುವವನಿಗೆ ಅದಿಲ್ಲ. ನಿಷೇಧಕ್ಕೆ ಸಾಲದಷ್ಟು ದುರ್ಬಲವಾದ ಆರೋಪ ಅದಕ್ಕಿಂತ ಕಡಿಮೆ ಪರೀಕ್ಷೆಗೊಳಗಾಗಿ ಬಹುಪಾಲು ಅದೇ ಕೆಲಸ ಮಾಡಿಬಿಡುತ್ತದೆ. ಇಷ್ಟು ತಲೆಕೆಳಗಾದ ಏರ್ಪಾಡು ಕಣ್ಣೆದುರೇ ಇದ್ದರೂ ಇದರ ಚರ್ಚೆ ಕಡಿಮೆ.

ಪ್ರತಿವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಲೈಂಗಿಕ ಅಪರಾಧ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಮಗು ಹೇಳುವ ಮಾತು ಅಡ್ಡಸವಾಲಿನಲ್ಲಿ ಮುರಿಯುತ್ತದೆ. ನೆನಪು ಕಳೆಗುಂದಿದ ಅಜ್ಜಿ ಸಾಕ್ಷಿಕಟ್ಟೆಗೆ ಬರಲಾರಳು. ಶಿಕ್ಷೆಯಾದದ್ದನ್ನಷ್ಟೇ ಹೇಳಿ ಎಂದರೆ ಅತಿ ದುರ್ಬಲರನ್ನು ಗುರಿ ಮಾಡುವವನಿಗೇ ಅತಿ ಶುಭ್ರವಾದ ಪ್ರಮಾಣಪತ್ರ ಸಿಗುತ್ತದೆ. ಸಂತ್ರಸ್ತರ ಪರ ಕೆಲಸ ಮಾಡುವವರು ಹೀಗೆ ಹೇಳಿದಾಗ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ಅದು ನಿಜ. ಆದ್ದರಿಂದಲೇ ಕೊನೆಯ ಚೌಕವನ್ನು ಅಳಿಸಿಹಾಕಿ ಎಂದು ನಾನು ವಾದಿಸಲಾರೆ. ಅದರೊಳಗೆ ಏನಾದರೂ ಬರೆಯುವ ಮೊದಲು ಯಾರಾದರೂ ಕೂತು ತೂಗಲಿ ಎಂಬುದಷ್ಟೇ ವಾದ. ತೂಗಿದರೆ ಮಕ್ಕಳಿಗೂ ಲಾಭವೇ. ಗಟ್ಟಿಯಾದ ಅನುಮಾನ ‘ಕ್ರಮ ಜರುಗಿಸಲಿಲ್ಲ’ ಎಂಬ ಸಾಲಿನಲ್ಲಿ ಕರಗದೆ ನಿಷೇಧವಾಗಿಯೇ ನಿಲ್ಲುತ್ತದೆ.

ಕಡತಗಳ ಆಯಸ್ಸಿನ ಬಗ್ಗೆಯೂ ಒಂದು ಮಾತು. ಬಿಚರ್ಡ್ ನಂತರ ಬಂದ ಮಾರ್ಗಸೂಚಿಯ ಪ್ರಕಾರ ಗಂಭೀರ ವರ್ಗದ ದಾಖಲೆಗಳನ್ನು ಆ ವ್ಯಕ್ತಿಗೆ ನೂರು ವರ್ಷ ತುಂಬುವವರೆಗೆ ಇಟ್ಟುಕೊಳ್ಳಬಹುದು, ಆಗಾಗ ಮರುಪರಿಶೀಲಿಸಬೇಕು. ಪ್ರಮಾಣಪತ್ರ ಒಮ್ಮೆ ಬರುವಂಥದ್ದಲ್ಲ, ಕೆಲಸ ಬದಲಿಸಿದಾಗೆಲ್ಲ ಹೊಸದು ಬೇಕಾಗಬಹುದು. ಇಪ್ಪತ್ತೈದರ ವಯಸ್ಸಿನ ಪ್ಯಾರಾ ನಲವತ್ತರಲ್ಲೂ ಎದುರಾಗಬಹುದು.

ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ನರ್ಸಿಂಗ್ ಓದಿ ಬ್ರಿಟನ್ನಿಗೆ ಹೋಗುವವರಿಗೆ ಈ ಕಾಗದ ಚೆನ್ನಾಗಿ ಗೊತ್ತು. ಡಿಬಿಎಸ್‌ಗೆ ಸಾಮಾನ್ಯವಾಗಿ ಭಾರತದ ಪೊಲೀಸ್ ಕಡತ ಕಾಣುವುದಿಲ್ಲ. ಹಾಗಾಗಿ ಆರೋಗ್ಯ, ಶಿಕ್ಷಣ ಕ್ಷೇತ್ರದ ವೀಸಾಕ್ಕೆ ಇಲ್ಲಿಂದ ಪಾಸ್‌ಪೋರ್ಟ್ ಕಚೇರಿಯ ಮೂಲಕ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ (ಪಿಸಿಸಿ) ತರಬೇಕು, ಅಲ್ಲಿಗೆ ಹೋದ ಮೇಲೆ ಡಿಬಿಎಸ್ ಆಗಬೇಕು. ವಾರ್ಡಿನಲ್ಲಿ ರೋಗಿಯ ಕಡೆಯವರು ಕೊಟ್ಟ ಒಂದು ದೂರು ಪೊಲೀಸರವರೆಗೆ ಹೋದರೆ, ಅದು ಬಿದ್ದುಹೋದರೂ, ಮುಂದಿನ ಆಸ್ಪತ್ರೆಯ ಕಾಗದದಲ್ಲಿ ತಲೆಯೆತ್ತಬಹುದು. ಊರಿನ ಅನುಭವದಿಂದ ‘ಕೇಸ್ ಕ್ಲೋಸ್ ಆಯ್ತಲ್ಲ’ ಎಂದು ನಿಶ್ಚಿಂತೆಯಿಂದಿರುವವರಿಗೆ ಇದು ಅನಿರೀಕ್ಷಿತ.

ಊರಿನ ಅನುಭವವೂ ಅಷ್ಟು ನಿಶ್ಚಿಂತೆಯದ್ದಲ್ಲ ಅನ್ನಿ. ನಮ್ಮಲ್ಲಿ ಸರ್ಕಾರಿ ನೌಕರಿಗೆ ಆಯ್ಕೆಯಾದವನ ಪೂರ್ವಾಪರ ಪರಿಶೀಲನೆ ಠಾಣೆಯಿಂದಲೇ ಆಗುತ್ತದೆ, ಬಂಧನ ಮೊಕದ್ದಮೆಗಳನ್ನು ಅಭ್ಯರ್ಥಿಯೇ ನಮೂನೆಯಲ್ಲಿ ಬರೆದುಕೊಡಬೇಕು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಈ ಗೊಂದಲಕ್ಕೆ ಒಂದು ಕ್ರಮ ಕಟ್ಟಿತು. ಮುಚ್ಚಿಟ್ಟ ಮಾತ್ರಕ್ಕೆ ಕಣ್ಣುಮುಚ್ಚಿ ಕೆಲಸದಿಂದ ತೆಗೆಯಬಾರದು, ಪ್ರಕರಣದ ಸ್ವರೂಪ ನೋಡಬೇಕು. ಅದೇ ವೇಳೆ, ಗಂಭೀರ ಪ್ರಕರಣದಲ್ಲಿ ಸಂಶಯದ ಲಾಭ ಪಡೆದೋ ತಾಂತ್ರಿಕ ಕಾರಣಕ್ಕೋ ಬಿಡುಗಡೆಯಾದವನ ಹಿನ್ನೆಲೆಯನ್ನು ನೇಮಕಾತಿ ಪ್ರಾಧಿಕಾರ ಪರಿಗಣಿಸಬಹುದು. 2013ರಲ್ಲಿ ದೆಹಲಿ ಪೊಲೀಸ್ ನೇಮಕದ ಪ್ರಕರಣದಲ್ಲೂ ಕೋರ್ಟ್ ಹೆಚ್ಚುಕಡಿಮೆ ಇದೇ ಹೇಳಿತ್ತು. ಹೀಗೆ ನಮ್ಮಲ್ಲಿ ಖುಲಾಸೆಯಲ್ಲೂ ಎರಡು ಜಾತಿ, ‘ಗೌರವಯುತ’ವಾದದ್ದು ಮತ್ತು ಅಲ್ಲದ್ದು. ಒಂದು ಅನುಕೂಲವೆಂದರೆ ನಮ್ಮ ನ್ಯಾಯಾಧೀಶರು ಕಾರಣ ಬರೆಯುತ್ತಾರೆ, ಖುಲಾಸೆ ಏಕೆಂದು ಓದಬಹುದು. ಓದುವ ತಾಳ್ಮೆ ನೇಮಕಾತಿ ವಿಭಾಗಕ್ಕೆ ಇದ್ದರೆ.

ಖಾಸಗಿ ವಲಯಕ್ಕೆ ಬಂದರೆ ಯಾವ ಕಾಯ್ದೆಯ ಹಂಗೂ ಇಲ್ಲದಂತಿದೆ. ಬೆಂಗಳೂರಿನ ಕಂಪನಿಗಳಿಗೆ ಹಿನ್ನೆಲೆ ಪರಿಶೀಲನೆ ಮಾಡಿಕೊಡುವ ಏಜೆನ್ಸಿಗಳು ಕೋರ್ಟುಗಳ ಜಾಲತಾಣದಲ್ಲಿ ಹೆಸರು ಹುಡುಕುತ್ತವೆ. ಪೊಲೀಸರು ‘ಬಿ’ ರಿಪೋರ್ಟ್ ಹಾಕಿ ಮುಗಿಸಿದ್ದೋ, ಅದೇ ಹೆಸರಿನ ಬೇರೆಯವನದ್ದೋ, ವರದಿಯಲ್ಲಿ ‘ಪ್ರಕರಣ ಕಂಡುಬಂದಿದೆ’ ಎಂದಾಯಿತು ಅಂದರೆ ಆಫರ್ ಲೆಟರ್ ಬರುವುದಿಲ್ಲ, ಏಕೆಂದೂ ತಿಳಿಯುವುದಿಲ್ಲ. ಇಂಗ್ಲೆಂಡ್ 2012ರಲ್ಲಿ ಕೈಬಿಟ್ಟ ಗುಟ್ಟಿನ ಪತ್ರ ನಮ್ಮಲ್ಲಿ ದಿನನಿತ್ಯದ ವ್ಯವಹಾರ. ಮಾದಕವಸ್ತು ಪ್ರಕರಣದಲ್ಲಿ ಖುಲಾಸೆಯಾದ ಒಬ್ಬ ಭಾರತೀಯ ಮೂಲದ ಅಮೆರಿಕನ್ನನಿಗೆ ತನ್ನ ದೇಶದಲ್ಲಿ ಕೆಲಸ ಸಿಗುವುದು ಕಷ್ಟವಾದದ್ದು ಖುಲಾಸೆಯ ತೀರ್ಪೇ ಅಂತರ್ಜಾಲದಲ್ಲಿ ಕಾಣುತ್ತಿದ್ದ ಕಾರಣಕ್ಕೆ. 2021ರಲ್ಲಿ ದೆಹಲಿ ಹೈಕೋರ್ಟ್ ಅದು ಹುಡುಕಾಟದಲ್ಲಿ ಸಿಗದಂತೆ ಮಾಡಲು ಮಧ್ಯಂತರ ಆದೇಶ ಕೊಟ್ಟಿತು.

ಮತ್ತೆ ಇಂಗ್ಲೆಂಡಿಗೆ. ಕೊನೆಯ ಚೌಕಕ್ಕೆ ತೂಗುವವರನ್ನು ಕೂರಿಸಿ ಎಂದರೆ ಬರುವ ಮೊದಲ ಆಕ್ಷೇಪ ಖರ್ಚು ಮತ್ತು ವಿಳಂಬ. ವರ್ಷಕ್ಕೆ ಲಕ್ಷಾಂತರ ಪ್ರಮಾಣಪತ್ರ ಹೊರಡುವ ಕಡೆ ಪ್ರತಿಯೊಂದಕ್ಕೂ ವಿಚಾರಣೆ ನಡೆಸಲಾದೀತೇ? ನಡೆಸಬೇಕಾಗಿಲ್ಲ. ಪ್ಯಾರಾ ಇರುವವು ಅವುಗಳಲ್ಲಿ ತೀರ ಕಡಿಮೆ, ಒಪ್ಪಿಕೊಳ್ಳದೆ ತಕರಾರೆತ್ತುವವರದ್ದು ಅದಕ್ಕಿಂತ ಕಡಿಮೆ. ಸಾಕ್ಷ್ಯ ತೂಗಿ ಕಾರಣ ಬರೆಯಬಲ್ಲ ಸಿಬ್ಬಂದಿ ಡಿಬಿಎಸ್‌ನ ನಿಷೇಧ ವಿಭಾಗದಲ್ಲಿ ಈಗಾಗಲೇ ಕೂತಿದ್ದಾರೆ. ಮೇಲ್ಮನವಿಗೆ ಟ್ರಿಬ್ಯೂನಲ್ ಇದೆ. ಖುಲಾಸೆಯಾದವರ ಮಾಹಿತಿ ಮತ್ತು ಒಂದೇ ದೂರಿನ ಮೇಲೆ ನಿಂತ ಮಾಹಿತಿ, ಈ ಎರಡನ್ನಾದರೂ ಮೊದಲು ಆ ಮೇಜಿಗೆ ಕಳಿಸಲು ಪೊಲೀಸ್ ಕಾಯ್ದೆಗೆ ಒಂದು ಉಪಕಲಮು ಸೇರಿಸಿದರೆ ಸಾಕು.